ನೀವು ಎಂದದ್ದು ಯಾರಿಗೆ

ನನ್ನನ್ನೇ ಕೇಳಿದ್ದು ಅಂದುಕೊಂಡೆನಲ್ಲ, ತಪ್ಪೇನು, ನಿಮಗೆ ನಿದ್ದೆ ಬರುತ್ತಾ ಎಂದರು ಹೊಸ ಡಾಕ್ಟರಮ್ಮ, ಹದಿನೈದು ವರ್ಷದ ಹುಡುಗಿಗೆ ಯಾರಾದರೂ ನೀವು ಅನ್ನುತ್ತಾರೆಯೇ, ಎಲ್ಲಿ ಬರುತ್ತೆ ಮೇಡಂ, ಬೆಂಚ್ ಮೇಲೆ ಮಲಗಿ ಸೊಂಟ ಹಿಡ್ಕೊಂಡಿದೆ ಎಂದೆ, ನಿಮ್ಮನ್ನಲ್ಲ ಸರ್, ಅವರನ್ನ ಕೇಳಿದ್ದು ಎಂದರು, ಮಗಳು ಹೊದಿಕೆಯೊಳಗೆ ಕಿಸಕ್ಕೆಂದಳು — ಆಸ್ಪತ್ರೆಗೆ ಸೇರಿದ ಎಂಟು ದಿನದಲ್ಲಿ ಮೊದಲ ನಗು, ಅದೂ ನನ್ನ ಮೇಲೆ. ಆಮೇಲೆ, ಒಂದು ಹತ್ತು ನಿಮಿಷ ಹೊರಗಿರಿ ಸರ್, ಈ ವಯಸ್ಸಿನವರ ಜೊತೆ ನಾವು ಬೇರೆಯಾಗಿ ಮಾತಾಡ್ತೀವಿ. ಕೂತಿದ್ದೇನೆ, ಇಲ್ಲ, ಎದ್ದಿದ್ದೇನೆ, ಬಾಗಿಲ ಗಾಜಿಗೆ ಒಳಗಿನಿಂದ ಪರದೆ, ಅದರ ಅಂಚು ಒಂದು ಕಡೆ ಎರಡು ಬೆರಳು ಇಳಿದಿದೆ, ಯಾವ ಪುಣ್ಯಾತ್ಮ ಹೊಲಿದನೋ, ನನ್ನ ಹೊಲಿಗೆ ಅಂಗಡಿಗೆ ಕೊಟ್ಟಿದ್ದರೆ ಐದೇ ನಿಮಿಷ — ಏನು ಕೇಳುತ್ತಿದ್ದಾರೆ ಇಷ್ಟು ಹೊತ್ತು, ನಿಮಗೆ ಏನಾಗಿದೆ ಗೊತ್ತಾ ಎಂದು ಕೇಳಿಬಿಟ್ಟರೆ, ಹದಿನೈದು ದಿನ ಇನ್ಸುಲಿನ್ ಚುಚ್ಚಿದರೆ ಸಕ್ಕರೆ ಕಾಯಿಲೆ ಹೋಗುತ್ತಂತೆ, ನಮ್ಮಪ್ಪ ಹೇಳಿದಾರೆ ಎಂದು ಅವಳು ಅಂದುಬಿಟ್ಟರೆ. ಹೇಳಿದ್ದು ನಾನೇ. ಮೊದಲ ದಿನ ದೊಡ್ಡ ಡಾಕ್ಟರು ಪಕ್ಕಕ್ಕೆ ಕರೆದು ಇದು ಜೀವನಪೂರ್ತಿ ಎಂದಾಗ ತಲೆಯಾಡಿಸಿ ಒಳಗೆ ಬಂದೆ, ಗೋಡೆ ತುಂಬ ಆನೆ, ಮೊಲ, ಮಕ್ಕಳ ಮಂಚದ ಕಂಬಿಯಾಚೆ ಅವಳ ಪಾದಗಳು ಚಾಚಿಕೊಂಡಿವೆ, ಪುಟ್ಟಾ, ಇರುವೆ ಕಚ್ಚಿದ ಹಾಗೆ ಅಷ್ಟೇ ಎನ್ನುತ್ತಿದ್ದಾರೆ ನರ್ಸಮ್ಮ, ಇನ್ನೆಷ್ಟು ದಿನ ಅಪ್ಪಾ, ಹದಿನೈದು, ನಾಲಿಗೆ ತಾನಾಗಿ ಅಂದಿತು. ದಿನವಿಡೀ ಸೂಜಿ ಹಿಡಿಯುವವನು ಅವಳ ಸೂಜಿ ಬಂದಾಗ ಮುಖ ತಿರುಗಿಸುತ್ತೇನೆ, ಪಾದಗಳು ಮಾತ್ರ ಕಣ್ಣಿಗೆ ಬೀಳುತ್ತವೆ, ಬೆರಳುಗಳು ಮುದುಡುತ್ತವೆ, ಬಿಚ್ಚಿಕೊಳ್ಳುತ್ತವೆ, ಮತ್ತೆ ಸಂಜೆ, ಮುದುಡುತ್ತವೆ. ಇನ್ನು ಏಳು ದಿನ, ಅದು ಮುಗಿದ ಮೇಲೆ ಏನೆನ್ನಲಿ, ನಾನೇ ಹೇಳಬೇಕಿತ್ತು, ಈಗಲೇ ಒಳಗೆ ನುಗ್ಗಿ, ಮಗಳೇ — ಬಾಗಿಲು ತೆರೆಯಿತು, ಕೂತ್ಕೊಳ್ಳಿ ಸರ್, ಡಾಕ್ಟರಮ್ಮನ ದನಿ ತಗ್ಗಿತ್ತು, ಅವರಿಗೆ ಎಲ್ಲಾ ಗೊತ್ತು, ಎರಡನೇ ದಿನಾನೇ ನಿಮ್ಮ ಮೊಬೈಲಲ್ಲಿ ಓದ್ಕೊಂಡಿದಾರೆ, ಜೀವನಪೂರ್ತಿ ಅಂತ, ಅವರಿಗೆ ಈಗ ನಿಮ್ಮದೇ ಚಿಂತೆ, ಯಾರೋ ನಮ್ಮಪ್ಪಂಗೆ ಹದಿನೈದು ದಿನ ಅಂತ ಸುಳ್ಳು ಹೇಳಿದಾರೆ, ಪಾಪ ನಂಬ್ಕೊಂಡು ಕೂತಿದಾರೆ, ನಾನು ಹೇಳಿದ್ರೆ ಅತ್ತುಬಿಡ್ತಾರೆ, ನೀವೇ ಮೆತ್ತಗೆ ಹೇಳಿ ಅಂದ್ರು. ಹೌದಾ ಮೇಡಂ, ಎಂದೆ. ಅವರ ಭುಜದಾಚೆ ಮಗಳು ಕತ್ತು ಚಾಚಿ ನನ್ನ ಮುಖವನ್ನೇ ನೋಡುತ್ತಿದ್ದಳು, ಅಪ್ಪ ತಡೆದುಕೊಳ್ಳುತ್ತಾನೋ ಇಲ್ಲವೋ ಎಂದು. ನನಗೆ ಮೊದಲೇ ಗೊತ್ತಿತ್ತು ಎಂದು ನಾನು ಹೇಳಲಿಲ್ಲ.