ಸೊಳ್ಳೆಯನ್ನು ಕಾಯುವ ಪರದೆ

ಮಲೇರಿಯಾ ಜ್ವರ ಬಿಟ್ಟು ಕೆಲವು ದಿನವಾಗಿತ್ತು. ಬಾಯಿಗೆ ರುಚಿ ಬಂದಿತ್ತು. ಬೆಳಗಿನ ಪ್ರಾರ್ಥನೆಗೆ ಮೊದಲಿನಂತೆ ನೆಟ್ಟಗೆ ಕುಳಿತಿದ್ದೆ. ಬಸುರಿ ಮಗಳು ಸಂಜೆ ಮನೆಗೆ ಬರುವವಳಿದ್ದಳು. ಅವಳ ತಾಯಿ ತೀರಿಕೊಂಡ ಮೇಲೆ ಬರುತ್ತಿರುವುದು ಇದೇ ಮೊದಲು. ಅಷ್ಟರಲ್ಲಿ ಆಸ್ಪತ್ರೆಯಿಂದ ಸೊಸೆಯ ಫೋನು: "ಮಾವ, ಒಂದ್ಸಲ ಲ್ಯಾಬಿಗೆ ಬಂದು ಹೋಗಿ." ರಕ್ತದಲ್ಲಿ ಮಲೇರಿಯಾ ಹುಡುಕುವುದೇ ಅವಳ ಕೆಲಸ.

ನೀಲಿ ಕಲೆ ಹತ್ತಿದ ಸಿಂಕಿನ ಪಕ್ಕ ನನ್ನನ್ನು ಕೂರಿಸಿ, ಬೆರಳು ಚುಚ್ಚಿ, ಒಂದು ಹನಿ ರಕ್ತವನ್ನು ಗಾಜಿನ ಪಟ್ಟಿಯ ಮೇಲಿಟ್ಟು ತೆಳು ಗಾಜು ಮುಚ್ಚಿದಳು.

"ಜ್ವರ ಬಿಡ್ತಲ್ಲಮ್ಮ, ಇನ್ಯಾಕೆ ಚುಚ್ತೀಯ?"

"ಜ್ವರ ತಂದ ರೋಗಾಣುಗಳು ಸತ್ತಿವೆ ಮಾವ. ಮೊನ್ನೆ ಕೊಟ್ಟ ರಕ್ತದಲ್ಲಿ ಕಂಡವು ಬೇರೆ ಥರದವು. ಜ್ವರ ತರಲ್ಲ, ಮರಿ ಹಾಕಲ್ಲ. ಗಂಡು ಹೆಣ್ಣು ಅಂತ ತಯಾರಾಗಿ, ನಿಮ್ಮ ರಕ್ತದಲ್ಲಿ ಸುಮ್ನೆ ಕೂತಿರ್ತವೆ. ಯಾವುದಾದ್ರೂ ಸೊಳ್ಳೆ ಬಂದು ಕರ್ಕೊಂಡು ಹೋಗ್ಲಿ ಅಂತ."

"ಅಂದ್ರೆ ನಾನು ಬಸ್ ಸ್ಟ್ಯಾಂಡು."

"ಬಸ್ ಸ್ಟ್ಯಾಂಡೇ. ಮದುವೆ ಸೊಳ್ಳೆ ಹೊಟ್ಟೇಲಿ. ಅಲ್ಲಿ ನಿಮ್ಮ ಮೈಗಿಂತ ತಂಪು. ತಂಪು ತಗುಲಿದ್ರೆ ಸಾಕು, ಊರು ಬಂತು ಅಂತ ಇಳಿದೇ ಬಿಡ್ತವೆ. ನೋಡ್ತಿರಿ."

ಫ್ಯಾನು ಹಾಕಿದಳು. ಮೈಕ್ರೋಸ್ಕೋಪಿಗೆ ಕಣ್ಣಿಟ್ಟೆ. ಬಹಳ ಹೊತ್ತು ರಕ್ತಕಣಗಳ ಸಂತೆಯೇ ಕಂಡಿತು. ಆಮೇಲೆ, ಬಾಳೆಹಣ್ಣಿನಂತೆ ಬಾಗಿ ಮಲಗಿದ್ದ ಒಂದು ಜೀವಿ ಮೈ ಮುದುರಿ ಗುಂಡಗಾಯಿತು. ನಡುಗಿತು. ಇದ್ದಕ್ಕಿದ್ದಂತೆ ಅದರ ಮೈಯಿಂದ ಕೂದಲೆಳೆಯಂಥ ಬಾಲಗಳು ಚಿಮ್ಮಿ ಚಾಟಿ ಬೀಸತೊಡಗಿದವು. ಸುತ್ತಲಿನ ಕಣಗಳೆಲ್ಲ ತಳ್ಳಾಟಕ್ಕೆ ಬಿದ್ದವು.

"ಗಂಡು," ಎಂದಳು ಸೊಸೆ. "ಒಂದೊಂದು ಬಾಲವೂ ಹೆಣ್ಣನ್ನ ಹುಡುಕ್ತಿದೆ."

"ಇಲ್ಲೆಲ್ಲಮ್ಮ ಸೊಳ್ಳೆ? ಇದು ಗಾಜು!"

"ಅವನಿಗೆ ಗೊತ್ತಿಲ್ವಲ್ಲ. ಫ್ಯಾನಿನ ಗಾಳಿಗೆ ಮೋಸ ಹೋದ."

ಹೊಟ್ಟೆ ಹಿಡಿದುಕೊಂಡು ನಕ್ಕೆ. ದೇವರು ಇಷ್ಟು ಸಣ್ಣದಕ್ಕೂ ಎಷ್ಟೊಂದು ಆತುರ ಕೊಟ್ಟಿದ್ದಾನೆ! ಸೊಸೆ ಮಾತ್ರ ನಗಲಿಲ್ಲ.

"ಇವನ್ನ ಕೊಲ್ಲೋ ಮಾತ್ರೆ ಡಾಕ್ಟರು ಬರೆದಿದ್ದಾರೆ. ಅದು ಕೆಲಸ ಮಾಡೋವರೆಗೆ ಸೊಳ್ಳೆಪರದೆ ಬಿಟ್ಟು ಮಲಗಬಾರದು. ನಿಮ್ಮನ್ನ ಕಚ್ಚಿದ ಸೊಳ್ಳೆ ಬಸುರಿ ಹತ್ತಿರ ಹೋಗಬಾರದು. ಆಗಲ್ಲ ಅಂದ್ರೆ ಹೇಳಿ, ಅವಳಿಗೆ ಈಗ ಬರಬೇಡ ಅಂತೀನಿ."

"ನನಗ್ಯಾಕಮ್ಮ ಪರದೆ? ಈ ವಯಸ್ಸಲ್ಲಿ ಸೊಳ್ಳೆ ಭಯವೇ?"

"ನಿಮಗಲ್ಲ ಮಾವ. ಪಾಪ, ಸೊಳ್ಳೆನ ನಿಮ್ಮಿಂದ ಕಾಪಾಡೋಕೆ."

ನನ್ನ ಅಡ್ಡಿ ಬೇರೆಯಿತ್ತು. ನಮ್ಮ ಅಗಲದ ಮಂಚದ ಅಳತೆಗೆ ಪರದೆ ಹೊಲಿದವಳು ನನ್ನ ಹೆಂಡತಿ. ಕೊನೆಯ ಸಲ ಒಗೆದು, ಮಡಿಸಿ, ಕಪಾಟಿನಲ್ಲಿ ಇಟ್ಟವಳೂ ಅವಳೇ. ಆ ಮಡಿಕೆಗಳನ್ನು ನಾನು ಬಿಚ್ಚಿರಲಿಲ್ಲ. ಬಿಚ್ಚಿದರೆ ಮತ್ತೆ ಹಾಗೆ ಮಡಿಸುವವರಿಲ್ಲ.

ಮನೆಗೆ ಬಂದು ಮಾತ್ರೆ ನುಂಗಿ, ಕಪಾಟಿನ ಮುಂದೆ ಬಹಳ ಹೊತ್ತು ನಿಂತೆ. ಗಾಜಿನ ಮೇಲೆ ಊರು ಬಂತೆಂದು ಕುಣಿದವನನ್ನು ನೋಡಿ ನಕ್ಕಿದ್ದೆನಲ್ಲ. ಬಟ್ಟೆಯ ಮಡಿಕೆಯಲ್ಲಿ ಹೆಂಡತಿ ಇದ್ದಾಳೆಂದು ಕಾಯುತ್ತಿರುವ ನಾನೇನು ಕಡಿಮೆ? ದೇವರನ್ನು ನೆನೆದು ಪರದೆಯನ್ನು ಕೊಡವಿದೆ. ಸೋಪಿನ ವಾಸನೆ ಬಂತು, ಹೋಯಿತು.

ಸೊಸೆ ಕೆಲಸ ಮುಗಿಸಿ ಬಂದು, ನಾನು ಸೊಟ್ಟಗೆ ಕಟ್ಟಿದ ಮೂಲೆಗಳನ್ನು ಸರಿಮಾಡಿ, ನನ್ನನ್ನು ಒಳಗೆ ಕೂರಿಸಿ ಅಂಚನ್ನು ಹಾಸಿಗೆಯಡಿಗೆ ಸಿಕ್ಕಿಸಿದಳು. ಆಗಲೇ ಮಗಳು ಬಾಗಿಲಲ್ಲಿ ಕಾಣಿಸಿಕೊಂಡಳು.

"ಇದೇನಪ್ಪಾ, ಇನ್ನೂ ದೀಪ ಹಚ್ಚಿಲ್ಲ, ಆಗಲೇ ಮೀನಿನ ಹಾಗೆ ಬಲೇಲಿ ಬಿದ್ದಿದೀಯ!"

ಉತ್ತರ ಕೊಡುವಷ್ಟರಲ್ಲಿ ಕಿವಿಯ ಬಳಿ ಗುಂಯ್ ಎಂದಿತು. ನನ್ನ ಜೊತೆಗೇ ಒಂದು ಒಳಗೆ ನುಗ್ಗಿತ್ತು.

"ಹೊರಗೆ ಬಿಡಬೇಡಿ ಮಾವ!" ಎಂದು ಸೊಸೆ ಕೂಗಿದಳು.

ಮೊದಲೆಲ್ಲ ಹೀಗಾದಾಗ ಹೊಡೆಯುವ ಕೆಲಸ ಹೆಂಡತಿಯದು. ನಾನು ಬೀಸಿದ ಏಟು ಒಂದೂ ಬಿದ್ದದ್ದಿಲ್ಲ. ಎರಡೂ ಕೈ ಎತ್ತಿ, ಕಣ್ಣು ಮುಚ್ಚಿ ಚಪ್ಪಾಳೆ ತಟ್ಟಿದೆ.

ಅಂಗೈಯಲ್ಲಿ ಕರಿ ಚುಕ್ಕೆಯೊಂದು ಅಂಟಿತ್ತು. ಸುತ್ತ ಎಲ್ಲೂ ಕೆಂಪಿಲ್ಲ.

"ಅಮ್ಮ ಇದ್ದಿದ್ರೆ ನಂಬ್ತಾನೇ ಇರ್ಲಿಲ್ಲ," ಎಂದಳು ಮಗಳು, ಕಣ್ಣೊರೆಸಿಕೊಳ್ಳುತ್ತ.

ನಾನು ಅಂಗೈಯನ್ನು ಪರದೆಗೆ ಒತ್ತಿ ಸೊಸೆಗೆ ತೋರಿಸಿದೆ.

"ಬಸ್ಸು ಖಾಲಿ ಕಣಮ್ಮ. ಒಬ್ಬನೂ ಹತ್ತಿಲ್ಲ."

ಮಗಳು ಗಾಬರಿಯಿಂದ ಅತ್ತಿಗೆಯ ತೋಳು ಹಿಡಿದಳು.

"ಅಪ್ಪನಿಗೆ ಜ್ವರ ಬಿಟ್ಟಿದೆ ಅಂದಿದ್ದೆಯಲ್ಲ?"