ಸಾರ್ಜೆಂಟನ ಮರಿಗಳು ಯಾವುವು?

ಮಳೆ ಬಂದು ಎರಡು ದಿನ ಬಿಸಿಲು ಕಾದರೆ ಸಾಕು, ಆಸ್ಟ್ರೇಲಿಯಾದ ಪಶ್ಚಿಮ ವಿಕ್ಟೋರಿಯಾದ ನಮ್ಮ ಕಡೆ ಕುರಿಯವರಿಗೆಲ್ಲ ಒಂದೇ ಚಿಂತೆ, ಹುಳ. ಬಾಲದ ಬುಡದ ಸುಕ್ಕಿನಲ್ಲಿ ತೇವ ನಿಲ್ಲುತ್ತದೆ, ನೊಣ ಮೊಟ್ಟೆ ಇಡುತ್ತದೆ, ಹುಳಗಳು ಬದುಕಿರುವ ಕುರಿಯನ್ನೇ ತಿನ್ನುತ್ತವೆ. ಕಳೆದ ಬೇಸಿಗೆಯಲ್ಲಿ ನಮ್ಮ ಬೇಲಿಯಾಚೆಯ ಕ್ಲೆಮ್ ಹಾರ್ಟಿಗನ್ನನ ನಲವತ್ತು ಕುರಿ ಹೀಗೆ ಸತ್ತವು.

ಹುಳ ತೆಗೆದು ತೆಗೆದು ಅವನ ಮಗಳು ನೆರಿಡಾ ಸೋತುಹೋಗಿದ್ದಳು.

"ಇನ್ನೊಂದ್ ಬೇಸಿಗೆ ಹೀಗೇ ಆದ್ರೆ ನನ್ ಕೈಲಾಗಲ್ಲಪ್ಪ. ಕುರಿ ಮಾರಿ ಬಾರ್ಲಿ ಬಿತ್ತೋಣ."

"ನೊಣಕ್ಕೆ ಯಾರೇನ್ ಮಾಡೋಕಾಗುತ್ತೆ," ಎಂದ ಕ್ಲೆಮ್. ಬಾಯಲ್ಲಿ ಹಾಗೆಂದರೂ ಐವತ್ತು ವರ್ಷ ಕಟ್ಟಿದ ಹಿಂಡನ್ನು ಮಾರಲು ಅವನಿಗೆ ಮನಸ್ಸಿರಲಿಲ್ಲ.

ಮರಿಗಳ ಕಿವಿಗೆ ನಂಬರಿನ ಓಲೆ ಹಾಕುವ ದಿನ ನೆರಿಡಾ ಕುರಿ ಸಲಹೆಗಾರ್ತಿ ಲೋರ್ನಾಳನ್ನು ಕರೆಸಿದಳು. ಕೈಯಾಳಾಗಿ ನಾನೂ ಹೋಗಿದ್ದೆ.

"ನೊಣನ ಬದಲಾಯಿಸೋಕಾಗಲ್ಲ, ಟಗರನ್ನ ಬದಲಾಯಿಸ್ಬೋದು," ಎಂದಳು ಲೋರ್ನಾ. "ಸುಕ್ಕು ಅಪ್ಪ ಅಮ್ಮನಿಂದ ಮರಿಗೆ ಬರುತ್ತೆ. ನಿಮ್ಮ ಮೂರು ಟಗರಲ್ಲಿ ಯಾವ್ದು ಸುಕ್ಕು ಹಂಚ್ತಿದೆ ಅಂತ ಗೊತ್ತಾ?"

"ಮೂರನ್ನೂ ಒಟ್ಟಿಗೇ ಹಿಂಡಿಗೆ ಬಿಡ್ತೀವಮ್ಮ," ಎಂದ ಕ್ಲೆಮ್. "ಆದ್ರೆ ಮರಿ ನೋಡಿದ ತಕ್ಷಣ ಯಾರದು ಅಂತ ಹೇಳ್ತೀನಿ. ದಷ್ಟಪುಷ್ಟವಾಗಿರೋವೆಲ್ಲ ಸಾರ್ಜೆಂಟಂದು."

ಸಾರ್ಜೆಂಟ್ ಎಂದರೆ ಪ್ರದರ್ಶನದಲ್ಲಿ ಬಹುಮಾನ ಗೆದ್ದ ಟಗರು. ಕತ್ತಿನ ತುಂಬ ಮಡಿಕೆ ಮಡಿಕೆ ಸುಕ್ಕು. ಚರ್ಮ ಹೆಚ್ಚಿದ್ದರೆ ಉಣ್ಣೆ ಹೆಚ್ಚು ಎಂದು ಕ್ಲೆಮ್‌ಗೆ ಅವನಪ್ಪ ಕಲಿಸಿದ್ದ. ಸುಕ್ಕಿಲ್ಲದ ಇನ್ನೊಂದು ಟಗರನ್ನು ಅವನು ಲೆಕ್ಕಕ್ಕೇ ಇಟ್ಟಿರಲಿಲ್ಲ.

ಲೋರ್ನಾ ಅವನ ಕೈಗೆ ನೀಲಿ ಸೀಮೆಸುಣ್ಣ ಕೊಟ್ಟಳು. "ಹಾಗಾದ್ರೆ ಸಾರ್ಜೆಂಟನ ಮರಿಗೆ ಗುರುತು ಹಾಕಿ."

ಮುದುಕ ಮೀಸೆ ತಿರುವುವುದೊಂದು ಬಾಕಿ. ಇಪ್ಪತ್ತು ಮರಿ ಆರಿಸಿ ಗುರುತು ಹಾಕಿದ. ಲೋರ್ನಾ ಆ ಇಪ್ಪತ್ತರ ಓಲೆ ನಂಬರ್ ಬರೆದುಕೊಂಡು, ದೊಡ್ಡಿಯ ಎಲ್ಲ ಮರಿಗಳ ಕಿವಿಯಿಂದಲೂ ಎಳ್ಳಿನಷ್ಟು ಚೂರು ತೆಗೆದು, ಟಗರುಗಳದ್ದೂ ಸೇರಿಸಿ, ಯಾವ ಮರಿಗೆ ಯಾವ ಅಪ್ಪ ಎಂದು ತಿಳಿಯಲು ಡಿಎನ್‌ಎ ಪರೀಕ್ಷೆಗೆ ಕಳಿಸಿದಳು.

"ಕಿವಿ ನೋಡಿ ಬಾಲದ ಭವಿಷ್ಯ ಹೇಳ್ತಾರಂತೆ," ಎಂದು ಕ್ಲೆಮ್ ನನ್ನತ್ತ ಕಣ್ಣು ಮಿಟುಕಿಸಿದ.

ನವೆಂಬರಿನಲ್ಲಿ, ನಮ್ಮಲ್ಲಿ ಬೇಸಿಗೆ ಶುರುವಾಗುವ ಹೊತ್ತಿಗೆ, ಮಳೆ ಬಂತು, ಹಿಂದೆಯೇ ಹುಳವೂ ಬಂತು. ನೆರಿಡಾ ಹುಳ ಬಿದ್ದ ಪ್ರತಿ ಮರಿಯ ಓಲೆ ನಂಬರ್ ಬರೆದಿಟ್ಟಳು. ಪರೀಕ್ಷೆಯ ಫಲಿತಾಂಶ ಬಂದಾಗ ಲೋರ್ನಾ ಎರಡೂ ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟಳು.

"ಮೂರು ಟಗರಿಗೂ ಹೆಚ್ಚುಕಡಿಮೆ ಅಷ್ಟಷ್ಟೇ ಮರಿ. ಹುಳ ಬಿದ್ದಿದ್ದು ಅರವತ್ತೆರಡಕ್ಕೆ. ಅದ್ರಲ್ಲಿ ನಲವತ್ತೇಳು ಸಾರ್ಜೆಂಟಂದು."

"ನಾನ್ ಗುರುತು ಹಾಕಿದ್ವು?"

"ಇಪ್ಪತ್ತರಲ್ಲಿ ಏಳು ಮಾತ್ರ ಅವನ್ದು. ಮಿಕ್ಕಿದ್ದು ಆ ಸುಕ್ಕಿಲ್ಲದ ಟಗರಿಂದು."

ಆ ಟಗರಿಗೆ ಕ್ಲೆಮ್ ಒಂದು ಹೆಸರನ್ನೂ ಇಟ್ಟಿರಲಿಲ್ಲ. ಅವನ ಮುಖ ನೋಡಿ ನನಗೆ ಪಾಪ ಅನ್ನಿಸಿತು.

"ಉಣ್ಣೆ ಕಡಿಮೆ ಆಗಲ್ವಾ?" ಎಂದು ಮೆಲ್ಲಗೆ ಕೇಳಿದ.

"ಸುಕ್ಕಿಲ್ದೆ ಚೆನ್ನಾಗಿ ಉಣ್ಣೆ ಕೊಡೋ ಟಗರುಗಳಿವೆ. ಟಗರು ಮರಿಗೆ ಏನ್ ಕೊಡುತ್ತೆ ಅಂತ ತೋರ್ಸೋ ತಳಿ ಅಂಕ ಅಂತ ಇರುತ್ತೆ, ಸುಕ್ಕಿಗೆ ಬೇರೆ, ಉಣ್ಣೆಗೆ ಬೇರೆ. ಎರಡನ್ನೂ ನೋಡಿ ಆರಿಸ್ಬೇಕು. ಕಾಲು, ಹಲ್ಲು ಮಾತ್ರ ಮೊದಲಿನ ಹಾಗೆ ನೀವೇ ನೋಡ್ಬೇಕು."

"ಮುಂದಿನ ವರ್ಷ ಹುಳ ನಿಲ್ಲುತ್ತಾ?" ನೆರಿಡಾ ಕೇಳಿದಳು.

"ಇಲ್ಲಮ್ಮ, ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತೆ. ಅಲ್ಲಿವರೆಗೆ ಬಾಲದ ಉಣ್ಣೆ ಕತ್ತರಿಸೋದು, ದಿನಾ ನೋಡೋದು ತಪ್ಪೋದಿಲ್ಲ."

ಕ್ಲೆಮ್ ಪಟ್ಟಿಯನ್ನು ಹತ್ತಿರಕ್ಕೆ ಎಳೆದುಕೊಂಡ. "ಹಾಗಾದ್ರೆ ಇಷ್ಟು ವರ್ಷ ಹುಳಕ್ಕೆ ಮನೆ ಕಟ್ಕೊಟ್ಟೋನು ನಾನೇ."

"ನಿಂಗೆ ಗೊತ್ತಿರ್ಲಿಲ್ಲಪ್ಪ."

"ಈಗ ಗೊತ್ತಾಯ್ತಲ್ಲ."

ಎದ್ದು ದೊಡ್ಡಿಗೆ ಹೋದ. ಸಾರ್ಜೆಂಟನನ್ನೂ, ಈ ಸಲ ಹಿಂಡಿಗೆ ಬಿಡಲು ಇಟ್ಟುಕೊಂಡಿದ್ದ, ಅವನಂತೆಯೇ ಸುಕ್ಕು ತುಂಬಿದ ಅವನ ಮಗನನ್ನೂ ತಾನೇ ಬೇರೆ ಮಾಡಿದ. ಗೇಟು ಹಾಕುವಾಗ ಸಾರ್ಜೆಂಟನ ತಲೆ ಸವರಿದ. ನೆರಿಡಾ ಹೋಗಿ ಅಪ್ಪನ ಪಕ್ಕ ನಿಂತಳು. "ಕುರಿ ಇರ್ಲಿ, ಬಿಡಪ್ಪ," ಎಂದಳು.

ಕುರಿ ಸಾಕುವ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ, ಓಲೆ ಹಾಕುವ ದಿನವೇ ಮರಿಗಳ ಕಿವಿಯ ಚೂರು ಪರೀಕ್ಷೆಗೆ ಕಳಿಸಿ. ಹುಳ ಬಿದ್ದ ಮರಿಯ ನಂಬರ್ ಬರೆದಿಡಿ. ಟಗರು ಕೊಳ್ಳುವಾಗ ಬಹುಮಾನ ಕೇಳುವ ಮೊದಲು ತಳಿ ಅಂಕ ಕೇಳಿ. ಟಗರನ್ನು ಆರಿಸುವವರು ನಾವು. ನಾವು ತಪ್ಪಿದರೆ ನೋವು ತಿನ್ನುವುದು ಆ ಮರಿ.