ಸ್ವರ ಹೊಡೆಯುವ ಯಂತ್ರದ ಹರಾಜು

ಟೈಪ್‌ರೈಟರ್ ಕೆಟ್ಟರೆ ಆ ಊರಿನಲ್ಲಿ ತೆಗೆದುಕೊಂಡು ಹೋಗಲು ಇದ್ದದ್ದು ಒಂದೇ ಮನೆ. ಬೀದಿಗೆ ಮುಖ ಮಾಡಿದ್ದ ಅದರ ಮುಂದಿನ ಕೋಣೆಯಲ್ಲಿ, ಎಣ್ಣೆಡಬ್ಬಿ, ಬ್ರಷ್ಷು, ಸಣ್ಣ ಸಣ್ಣ ಸ್ಕ್ರೂಡ್ರೈವರ್‌ಗಳ ನಡುವೆ ಕೂತಿರುತ್ತಿದ್ದವಳನ್ನು ಚಿಕ್ಕವರು ದೊಡ್ಡವರು ಎಲ್ಲರೂ ಟೈಪಕ್ಕ ಎಂದೇ ಕರೆಯುತ್ತಿದ್ದರು. ಆ ಕೆಲಸವನ್ನು ಅವಳಿಗೆ ಕಲಿಸಿದವರು ಅವಳ ಮಾವ. ಮಗ ಸ್ಕ್ರೂ ತಿರುಗಿಸಲು ಹೋದರೆ ಸ್ಕ್ರೂ ಮುರಿಯುತ್ತಿತ್ತು, ಹಾಗಾಗಿ ಅವನು ಲಾರಿ ಓಡಿಸಲು ಹೋದ. ಸೊಸೆ ಅಂಗಡಿಯಲ್ಲಿ ಕೂತಳು. ಮಾವ ತೀರಿಕೊಂಡು ಆರು ವರ್ಷವಾಗಿದ್ದರೂ ಬಾಗಿಲ ಮೇಲಿನ ಬೋರ್ಡು ಅವರ ಕೈಬರಹದ್ದೇ.

ಒಂದು ದಿನ ಮುಚ್ಚಿಹೋದ ಪ್ರೆಸ್ಸೊಂದರ ಗುಜರಿಯನ್ನು ತೂಕದ ಲೆಕ್ಕದಲ್ಲಿ ಕೊಂಡಾಗ, ಅದರ ತಳದಲ್ಲಿ ಅವಳಿಗೆ ಒಂದು ವಿಚಿತ್ರ ಯಂತ್ರ ಸಿಕ್ಕಿತು. ನೋಡಲು ಟೈಪ್‌ರೈಟರೇ. ಆದರೆ ಕೀಲಿಗಳ ಮೇಲೆ ಅಕ್ಷರವಿರಲಿಲ್ಲ; ಬಾಲವಿರುವ ಚುಕ್ಕೆ, ಬಾಲವಿಲ್ಲದ ಚುಕ್ಕೆ, ಕೊಕ್ಕೆ, ಸಣ್ಣ ಕಪ್ಪು ಇಟ್ಟಿಗೆಯಂಥ ಗುರುತುಗಳು. ಐದು ಗೆರೆ ಎಳೆದ ಕಾಗದವನ್ನು ತೂರಿಸಿ, ಪಕ್ಕದ ಹಿಡಿಯನ್ನು ಮೇಲಕ್ಕೋ ಕೆಳಕ್ಕೋ ಸರಿಸಿ ಕೀಲಿ ಒತ್ತಿದರೆ ಸಂಗೀತದ ಸ್ವರ ಅಚ್ಚಾಗುತ್ತಿತ್ತು. ಅಂದರೆ ಅಚ್ಚಾಗಬೇಕಿತ್ತು. ರೋಲರಿನ ರಬ್ಬರು ಕಲ್ಲಾಗಿತ್ತು, ಹನ್ನೊಂದು ಸ್ಪ್ರಿಂಗ್ ಇರಲೇ ಇಲ್ಲ, ಎರಡು ಅಚ್ಚುಗಳು ಕಡ್ಡಿಯಿಂದ ಕಳಚಿ ತಳದಲ್ಲಿ ಬಿದ್ದಿದ್ದವು. ಟೈಪಕ್ಕ ಅದಕ್ಕೆ ಏಳು ತಿಂಗಳು ಕೊಟ್ಟಳು. ಸಂಗೀತ ಅವಳಿಗೆ ಬರುತ್ತಿರಲಿಲ್ಲ, ಯಂತ್ರ ಬರುತ್ತಿತ್ತು.

"ಇದನ್ನ ಆನ್‌ಲೈನ್ ಹರಾಜಿಗೆ ಹಾಕೋಣ ಅತ್ತಿಗೆ," ಎಂದಳು ನಾದಿನಿ. ಅವಳಿಗೆ ಎರಡು ಬೀದಿ ಆಚೆ ಜೆರಾಕ್ಸ್ ಅಂಗಡಿಯಿತ್ತು, ಮೊಬೈಲಿನ ವ್ಯವಹಾರವೆಲ್ಲ ಅವಳದ್ದೇ. "ಬರೋರು ನಿಮ್ಮ ಅಂಗಡೀಗೇ ಬರ್ಬೇಕು ಅಂತೇನಿಲ್ಲ. ಲೋಕವೆಲ್ಲ ನೋಡುತ್ತೆ."

ಹತ್ತು ಫೋಟೊ ತೆಗೆದು, ಹತ್ತು ಸಾವಿರದಿಂದ ಶುರು ಮಾಡಿ, ಮುಂದಿನ ಭಾನುವಾರ ಮಧ್ಯಾಹ್ನ ಹನ್ನೆರಡಕ್ಕೆ ಮುಗಿಯುವಂತೆ ಹರಾಜಿಗೆ ಹಾಕಿದರು. ಎರಡನೆಯ ದಿನಕ್ಕೇ ಬೆಲೆ ಇಪ್ಪತ್ತೆರಡು ಸಾವಿರ ದಾಟಿತು. ಟೈಪಕ್ಕ ಕೈಲಿ ಬೇರೆ ಕೆಲಸ ಹಿಡಿದರೂ ಕಣ್ಣು ನಾದಿನಿ ಬರುವ ದಾರಿಯ ಮೇಲೆ.

ಬುಧವಾರ ನಾದಿನಿ ಬಂದದ್ದು ಮುಖ ಗಂಟಿಕ್ಕಿಕೊಂಡು. ಹರಾಜಿನವರು ಆ ತಿಂಗಳಿಂದ ದುಡ್ಡಿನ ನಿಯಮ ಬದಲಿಸಿ ಹದಿನೇಳು ಪುಟ ಹೊರಡಿಸಿದ್ದರು. ಇನ್ನು ಮೇಲೆ ಚೆಕ್ಕಿಲ್ಲ, ಮನಿಯಾರ್ಡರಿಲ್ಲ. ಕೊಳ್ಳುವವರು ಕಾರ್ಡಿನಿಂದ ಹರಾಜಿನವರಿಗೇ ಕಟ್ಟಬೇಕು. ಸಾಮಾನು ತಲುಪಿ ಇಪ್ಪತ್ತೊಂದು ದಿನವಾದ ಮೇಲೆ ಅವರು ಮಾರಿದವರಿಗೆ ಕೊಡುತ್ತಾರೆ. ಅಷ್ಟರೊಳಗೆ ಕೊಂಡವನು "ಹೇಳಿದ ಹಾಗಿಲ್ಲ" ಎಂದು ದೂರಿದರೆ ದುಡ್ಡು ಅವನಿಗೇ ವಾಪಸು. ಮೊಬೈಲಿನಲ್ಲಿದ್ದ ಮಾರುವವರ ಗುಂಪಿನಲ್ಲಿ ದೊಡ್ಡ ಗದ್ದಲವೆದ್ದಿತ್ತು. ಒಬ್ಬ ಪಿಂಗಾಣಿ ಮಾರುವವನಿಗೆ ತಟ್ಟೆಯ ಬದಲು ಒಡೆದ ಚೂರು ವಾಪಸು ಬಂದಿತ್ತಂತೆ, ದುಡ್ಡೂ ಹೋಗಿತ್ತಂತೆ.

ತರಕಾರಿ ಹೆಚ್ಚುತ್ತಿದ್ದ ಅತ್ತೆ ತಲೆಯೆತ್ತದೆ ಹೇಳಿದರು: "ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ವೀರಭದ್ರ. ಈಗ ಅದಕ್ಕೇ ಹದಿನೇಳು ಪುಟದ ಕಾಯಿದೆ ಬರ್ದಿದಾರೆ ಅಷ್ಟೆ."

"ಇನ್ನೊಂದಿದೆ," ಎಂದು ನಾದಿನಿ ಮೊಬೈಲು ತೋರಿಸಿದಳು. ಯಂತ್ರದ ಫೋಟೊ ಕೆಳಗೆ ಯಾರೋ ಪ್ರಶ್ನೆ ಕೇಳಿದ್ದರು. "ನಮ್ಮದು ಹದಿನಾಲ್ಕು ಜನರ ಬ್ಯಾಂಡು. ಹೊಸ ಹಾಡು ಬಂದರೆ ಹದಿನಾಲ್ಕು ಜನಕ್ಕೂ ಸ್ವರ ನಾನೇ ಬರೆದು ಕೊಡುತ್ತೇನೆ. ಈಗ ಕೈ ನಡುಗುತ್ತದೆ, ಬರೆದದ್ದು ಅವರಿಗೆ ಓದಲು ಆಗುತ್ತಿಲ್ಲ. ಬ್ಯಾಂಡಿನ ದುಡ್ಡು ಅಂಚೆ ಕಚೇರಿಯಲ್ಲಿದೆ, ಕಾರ್ಡು ಇಲ್ಲ. ಮನಿಯಾರ್ಡರು ಕಳಿಸಿದರೆ ಆಗುತ್ತದೆಯೇ? ಬ್ಯಾಂಡ್ ಮಾಸ್ತರು."

ಟೈಪಕ್ಕ ಅದನ್ನು ಎರಡು ಸಲ ಓದಿದಳು. ಅಲ್ಲಿಯವರೆಗೆ ಬೆಲೆ ಏರಿಸುತ್ತಿದ್ದವರೆಲ್ಲ ಗಾಜಿನ ಬೀರುವಿನಲ್ಲಿ ಇಡುವವರು. ಈ ಯಂತ್ರವನ್ನು ಕೂತು ಬಡಿಯುವವನು ಒಬ್ಬ ಇದ್ದಾನೆಂದು ಅವಳಿಗೆ ಹೊಳೆದೇ ಇರಲಿಲ್ಲ.

"ಹೂಂ ಅಂತ ಉತ್ತರ ಹಾಕು."

"ಹಾಕಿದ್ರೆ ನಮ್ಮ ಖಾತೇನೇ ಮುಚ್ತಾರೆ ಅತ್ತಿಗೆ. ಚೆಕ್ಕು ಅನ್ನೋ ಪದ ಬರ್ದಿದ್ದಕ್ಕೇ ಒಬ್ಬರದ್ದು ಮುಚ್ಚಿದಾರೆ."

"ಹಾಗಾದ್ರೆ ಆ ಹದಿನೇಳು ಪುಟ ಪ್ರಿಂಟ್ ಹಾಕ್ಕೊಂಡು ಬಾ. ಬೈಯೋರೆಲ್ಲ ಬೈದಾಯ್ತು. ಓದಿದೋರು ಯಾರಾದ್ರೂ ಇದಾರಾ?"

ಗುರುವಾರದಿಂದ ಟೈಪಕ್ಕ ನಿಯಮ ಓದತೊಡಗಿದಳು, ಯಂತ್ರ ಬಿಚ್ಚುವ ರೀತಿಯಲ್ಲೇ: ಒಂದೊಂದೇ ತುಂಡು, ಯಾವುದು ಯಾವುದಕ್ಕೆ ತಗುಲಿದೆ ಎಂದು ನೋಡುತ್ತ. ಅರ್ಥವಾಗದ ಕಡೆ ಸೀಮೆಸುಣ್ಣದಿಂದ ಗೀಟು. ಶನಿವಾರ ಬೆಳಿಗ್ಗೆ ಹನ್ನೊಂದೂವರೆ ಆಗಿತ್ತು, ಹನ್ನೊಂದನೆಯ ಪುಟದ ಕೊನೆಯಲ್ಲಿ ಸಿಕ್ಕಿತು. ಕೊಂಡವರು ಮಾರುವವರ ಬಾಗಿಲಿಗೇ ಬಂದು ಸಾಮಾನು ಒಯ್ಯುವುದಾದರೆ ಕೈಯಲ್ಲೇ ದುಡ್ಡು ಕೊಡಬಹುದು. ಆದರೆ ಆ ಮಾತು ಜಾಹೀರಾತಿನಲ್ಲಿ ಮೊದಲೇ ಇರಬೇಕು, ಗೆದ್ದವರು ನಾಲ್ಕು ದಿನದೊಳಗೆ ಬರಬೇಕು, ಏನಾದರೂ ಯಡವಟ್ಟಾದರೆ ಹರಾಜಿನವರು ಹೊಣೆಯಲ್ಲ. ಅದರ ಕೆಳಗೆ ಇನ್ನೊಂದು ಸಾಲು: ಹರಾಜು ಮುಗಿಯಲು ಇಪ್ಪತ್ತನಾಲ್ಕು ಗಂಟೆ ಉಳಿದಿರುವವರೆಗೆ ಮಾತ್ರ ಜಾಹೀರಾತು ತಿದ್ದಬಹುದು.

ಎಂದರೆ ಇವತ್ತು ಹನ್ನೆರಡರವರೆಗೆ.

ನಾದಿನಿಗೆ ಫೋನು ಮಾಡಿದಳು. ಜೆರಾಕ್ಸ್ ಯಂತ್ರದ ಸದ್ದಿನಲ್ಲಿ ಅವಳಿಗೆ ಫೋನು ಕೇಳಿಸಿದ್ದು ಯಾವತ್ತು? ಟೈಪಕ್ಕ ಎಣ್ಣೆಗೈಯಲ್ಲೇ ಪುಟಗಳನ್ನು ಬಾಚಿಕೊಂಡು ಎದ್ದಳು. "ಎಲ್ಲಿಗೆ ಹೊರಟೆ, ಒಲೆ ಮೇಲೆ ಪಾತ್ರೆ ಇದೆ," ಎಂದರು ಅತ್ತೆ. "ನೀವೇ ಇಳಿಸಿ ಅತ್ತೆ" ಎನ್ನುವಷ್ಟರಲ್ಲಿ ಅವಳು ಬೀದಿಯಲ್ಲಿದ್ದಳು. ನಲವತ್ತೆರಡು ವರ್ಷದ ಹೆಂಗಸು ಕಾಲಿಗೆ ಬುದ್ಧಿ ಹೇಳಿದ್ದನ್ನು ಬೇಕರಿಯವನು ಕಂಡ, ಟೈಲರು ಕಂಡ, ಟೈಲರು ಎದ್ದು ನಿಂತು "ಎಲ್ಲಾದ್ರೂ ಬೆಂಕಿ ಬಿತ್ತಾ?" ಎಂದು ಕೇಳಿದ. ಅಷ್ಟರಲ್ಲಿ ಅವಳು ಮುಂದಿನ ತಿರುವು ದಾಟಿದ್ದಳು.

ಅಂಗಡಿಯಲ್ಲಿ ಆರು ಜನ ಕ್ಯೂ ನಿಂತಿದ್ದರು. ಎಲ್ಲರನ್ನೂ ಸರಿಸಿ ಪುಟವನ್ನು ಗಾಜಿನ ಮೇಲೆ ಬಡಿದಳು. ನಾದಿನಿ ಓದಿದಳು, ಗಡಿಯಾರ ನೋಡಿದಳು, ಅಲ್ಲೇ ನಿಂತು ಟೈಪು ಮಾಡಿದಳು. "ಬಾಗಿಲಿಗೆ ಬಂದು ಒಯ್ಯುವವರು ಕೈಯಲ್ಲೇ ಹಣ ಕೊಡಬಹುದು." ಒತ್ತಿದಾಗ ಹನ್ನೆರಡಕ್ಕೆ ನಾಲ್ಕು ನಿಮಿಷವಿತ್ತು.

ಭಾನುವಾರ ಅಂಗಡಿಯ ಮೇಜಿನ ಸುತ್ತ ಮೂವರೂ ಕೂತರು. ಹನ್ನೊಂದೂ ಐವತ್ತಕ್ಕೆ ಬೆಲೆ ನಲವತ್ತೊಂದು ಸಾವಿರ. "ಹಳೇತಿಜೋರಿ" ಎಂದು ಹೆಸರಿಟ್ಟುಕೊಂಡ ಒಬ್ಬ ಸಂಗ್ರಹಕಾರ ಮುಂದಿದ್ದ. ಹನ್ನೊಂದೂ ಐವತ್ತೈದಕ್ಕೆ ಬ್ಯಾಂಡಿನವರು ಒಳಗೆ ಬಂದರು: ನಲವತ್ತೈದು. ತಿಜೋರಿ ನಲವತ್ತೆಂಟು. ಬ್ಯಾಂಡು ಐವತ್ತು.

"ಪಾಪ, ಅಷ್ಟು ದುಡ್ಡಿದೆಯಾ ಅವರ ಹತ್ರ?" ಎಂದರು ಅತ್ತೆ. ಬೆಳಿಗ್ಗೆಯಷ್ಟೇ ಇದೆಲ್ಲ ಹುಚ್ಚಾಟ ಎಂದಿದ್ದವರು ಈಗ ಕನ್ನಡಕ ಒರೆಸಿಕೊಂಡು ಮೊಬೈಲಿನ ಮೇಲೇ ಬಗ್ಗಿದ್ದರು.

ಐವತ್ತೈದು. ಐವತ್ತೇಳು. ಕೊನೆಯ ನಿಮಿಷದಲ್ಲಿ ತಿಜೋರಿ ಅರವತ್ತು ಎಂದ. ಟೈಪಕ್ಕನಿಗೆ ಖುಷಿ ಪಡಬೇಕೋ ಬೇಡವೋ ತಿಳಿಯಲಿಲ್ಲ; ದುಡ್ಡು ಏರಿದಷ್ಟೂ ಯಂತ್ರ ಬೀರುವಿನ ಹತ್ತಿರ ಹೋಗುತ್ತಿತ್ತು. ಇಪ್ಪತ್ತು ಸೆಕೆಂಡು. ಹದಿನೈದು. ನಾದಿನಿ ಅವಳ ಮುಂಗೈ ಹಿಂಡುತ್ತಿದ್ದಳು. ಏಳು ಸೆಕೆಂಡು ಇರುವಾಗ ಪರದೆ ಒಮ್ಮೆ ಮಿಂಚಿತು. ಅರವತ್ತೊಂದು ಸಾವಿರ, ಬ್ಯಾಂಡ್ ಮಾಸ್ತರು.

ಮುಗಿಯಿತು. ಮೂವರೂ ಒಟ್ಟಿಗೆ ಎದ್ದು ನಿಂತಿದ್ದರು; ಯಾವಾಗ ಎದ್ದರೋ ಅವರಿಗೇ ಗೊತ್ತಿಲ್ಲ.

"ನಾಳೆಯೇ ಹೊಸ ಫ್ಯಾನು ತರೋಣ ಅತ್ತಿಗೆ."

"ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಬೇಡ," ಎಂದರು ಅತ್ತೆ. "ಮೊದಲು ಬರ್ಲಿ ಅವರು."

ಸೋಮವಾರ ಯಾರೂ ಬರಲಿಲ್ಲ. ಮಂಗಳವಾರವೂ ಇಲ್ಲ. ಸಂದೇಶ ಕಳಿಸಿದರೆ "ಬರುತ್ತೇವೆ" ಎಂಬ ಒಂದೇ ಪದ. ಬುಧವಾರ ತಿಜೋರಿಯಿಂದ ಸಂದೇಶ ಬಂತು: ಹರಾಜಿನವರನ್ನು ಬಿಟ್ಟು ನೇರವಾಗಿ ತನಗೆ ಕೊಟ್ಟರೆ ಅರವತ್ತೆಂಟು ಸಾವಿರ, ಚೆಕ್ಕು ಇವತ್ತೇ ಅಂಚೆಗೆ ಹಾಕುತ್ತೇನೆ.

ನಾದಿನಿ ಟೈಪಕ್ಕನ ಮುಖ ನೋಡಿದಳು. ಅತ್ತೆ ಇಬ್ಬರ ಮುಖವನ್ನೂ ನೋಡಿದರು.

"ಚೆಕ್ಕು ಬೌನ್ಸ್ ಆದ್ರೆ ಯಾರನ್ನ ಕೇಳೋದು?" ಎಂದಳು ಟೈಪಕ್ಕ. "ಅದೂ ಅಲ್ದೆ ನಾಲ್ಕು ದಿನ ಅಂತ ಮಾತು ಕೊಟ್ಟಿದೀವಿ. ನಾಳೆ ಹನ್ನೆರಡರವರೆಗೂ ಅದು ಅವರದ್ದೇ."

ಗುರುವಾರ ಬೆಳಿಗ್ಗೆ ಅದೇ ಯಂತ್ರವನ್ನು ಮೂರು ಸಲ ಒರೆಸಿದಳು. ಹನ್ನೊಂದಾಯಿತು, ಹನ್ನೊಂದೂಕಾಲಾಯಿತು. ಆಗ ಬೀದಿಯ ತುದಿಯಲ್ಲಿ ಒಂದು ಹಳೆಯ ವ್ಯಾನು ತಿರುಗಿತು. ಅದರ ಟಾಪಿನ ಮೇಲೆ ದೊಡ್ಡ ಡ್ರಮ್ಮು ಕಟ್ಟಿತ್ತು, ಕಿಟಕಿಯಿಂದ ಹಿತ್ತಾಳೆಯ ಕೊಳವೆಯೊಂದು ಹೊರಗೆ ಇಣುಕುತ್ತಿತ್ತು. ವ್ಯಾನು ನಿಂತದ್ದೇ ತಡ, ಒಬ್ಬರ ಹಿಂದೊಬ್ಬರಂತೆ ಹದಿನಾಲ್ಕು ಜನ ಇಳಿದರು.

"ತಪ್ಪು ತಿಳ್ಕೋಬೇಡಮ್ಮ," ಎಂದರು ಮುಂದೆ ಬಂದ ಸಣಕಲು ಮುದುಕರು. ಅವರೇ ಬ್ಯಾಂಡ್ ಮಾಸ್ತರು. "ಅಂಚೆ ಕಚೇರೀಲಿ ದುಡ್ಡು ತೆಗೀಬೇಕಾದ್ರೆ ಮೂರು ಜನರ ಸಹಿ ಬೇಕು. ಮೂರನೆಯವನು ಈ ಡ್ರಮ್ಮಿನವನು. ಅತ್ತೆ ಮನೇಲಿ ಕೂತಿದ್ದ. ನಿನ್ನೆ ಹೋಗಿ ಎಳ್ಕೊಂಡು ಬಂದ್ವಿ."

ಡ್ರಮ್ಮಿನವನು ಹಲ್ಲು ಬಿಟ್ಟ.

ಮಾಸ್ತರು ಯಂತ್ರದ ಮುಂದೆ ಕೂತರು. ನಡುಗುವ ಬೆರಳನ್ನು ಕೀಲಿಯ ಮೇಲೆ ಇಟ್ಟರು. ಕೀಲಿ ಒತ್ತುವುದಕ್ಕೆ ನಡುಕ ಅಡ್ಡಿಯಾಗಲಿಲ್ಲ. ಟಕ್, ಟಕ್. ಎರಡು ಸಾಲು ಹೊಡೆದು ಕಾಗದ ಎಳೆದು ತುತ್ತೂರಿಯವಳಿಗೆ ಕೊಟ್ಟರು. ಅವಳು ಬಾಗಿಲಲ್ಲಿ ನಿಂತು ಊದಿದಳು. ಏಳು ತಿಂಗಳು ತಾನು ಉಜ್ಜಿದ ಚುಕ್ಕೆ ಕೊಕ್ಕೆಗಳಿಗೆ ಇಂಥ ದನಿಯಿದೆಯೆಂದು ಟೈಪಕ್ಕನಿಗೆ ತಿಳಿದದ್ದು ಆಗಲೇ. ನಡುವೆ ಮಾಸ್ತರು ಕೈಯೆತ್ತಿ ನಿಲ್ಲಿಸಿದರು.

"ಬೇಗ ಶುರು ಮಾಡಿದೆ. ಅಲ್ಲಿ ನಾಲ್ಕು ಎಣಿಕೆ ಸುಮ್ಮನಿರ್ಬೇಕು."

"ಎರಡು ಅಂತಿದೆ ಮಾಸ್ತರೇ. ನೀವೇ ನೋಡಿ."

ಮಾಸ್ತರು ಕಾಗದವನ್ನು ಕಣ್ಣಿಗೆ ಹತ್ತಿರ ಹಿಡಿದರು. ಆ ಸಣ್ಣ ಕಪ್ಪು ಇಟ್ಟಿಗೆ ಗೆರೆಯ ಕೆಳಗೆ ನೇತಾಡಿದರೆ ನಾಲ್ಕು ಎಣಿಕೆಯ ಮೌನ, ಗೆರೆಯ ಮೇಲೆ ಕೂತರೆ ಎರಡು. ಎರಡಕ್ಕೂ ಬೇರೆ ಬೇರೆ ಕೀಲಿಯಿದ್ದರೂ, ಈ ಯಂತ್ರದಲ್ಲಿ ಎರಡೂ ಇಟ್ಟಿಗೆಯನ್ನು ಗೆರೆಯ ಮೇಲೇ ಕೂರಿಸುತ್ತಿದ್ದವು.

ಟೈಪಕ್ಕನಿಗೆ ತಕ್ಷಣ ಹೊಳೆಯಿತು. ಕಳಚಿ ಬಿದ್ದಿದ್ದ ಎರಡು ಅಚ್ಚುಗಳಲ್ಲಿ ಅದೂ ಒಂದು. ಬೆಸುಗೆ ಹಾಕಿದವಳು ಅವಳೇ, ತಲೆಕೆಳಗಾಗಿ. ಪೆಟ್ಟಿಗೆ ಕಟ್ಟಿ ದೂರದೂರಿಗೆ ಕಳಿಸಿದ್ದರೆ? ಅಲ್ಲಿಂದ "ಹೇಳಿದ ಹಾಗಿಲ್ಲ" ಎಂಬ ದೂರು ಬರುತ್ತಿತ್ತು, ಮತ್ತು ಅದು ಸುಳ್ಳಾಗಿರುತ್ತಿರಲಿಲ್ಲ.

"ತಪ್ಪು ನಂದೇ ಮಾಸ್ತರೇ. ಹತ್ತು ನಿಮಿಷ ಕೊಡಿ."

"ಕೊಡದೆ ಏನು," ಎಂದರು ಮಾಸ್ತರು. "ಇದರಲ್ಲಿ ಮೂವತ್ತಾರು ಗುರುತಿದೆ. ಸಂಗೀತ ಬಾರದೋರು ಒಂದೇ ಒಂದು ತಪ್ಪು ಮಾಡಿದ್ರೆ ಅದು ತಪ್ಪಲ್ಲ, ಸಾಧನೆ."

ಬೆಸುಗೆಯ ಕಡ್ಡಿ ಕಾಯಿತು. ಅಚ್ಚನ್ನು ಬಿಡಿಸಿ, ತಿರುಗಿಸಿ, ಉಸಿರು ಬಿಗಿಹಿಡಿದು ಮತ್ತೆ ಕೂರಿಸಿದಳು. ಹದಿಮೂರು ತಲೆಗಳು ಅವಳ ಮೇಲೆ ಬಗ್ಗಿದ್ದವು. ಹದಿನಾಲ್ಕನೆಯವನು ಅತ್ತೆ ಕೊಟ್ಟ ಚಹಾವನ್ನು ಎರಡನೆಯ ಸಲ ತುಂಬಿಸಿಕೊಳ್ಳುತ್ತಿದ್ದ. ಮಾಸ್ತರು ಮತ್ತೆ ಹೊಡೆದರು. ತುತ್ತೂರಿಯವಳು ಮತ್ತೆ ಊದಿದಳು, ನಾಲ್ಕು ಎಣಿಕೆ ಸುಮ್ಮನಿದ್ದಳು, ಆ ಮೌನದಲ್ಲಿ ಇಡೀ ಬೀದಿ ಕಿವಿಗೊಟ್ಟು ನಿಂತಿತು. ನಂತರ ಅವಳು ಎತ್ತಿಕೊಂಡ ಸ್ವರಕ್ಕೆ ಡ್ರಮ್ಮಿನವನು ತಡೆಯಲಾರದೆ ಲೋಟ ಕೆಳಗಿಟ್ಟು ವ್ಯಾನಿನ ಕಡೆ ಓಡಿದ.

ದುಡ್ಡನ್ನು ಅತ್ತೆಯೇ ಎರಡು ಸಲ ಎಣಿಸಿದರು. ನಾದಿನಿ ಮೊಬೈಲಿನಲ್ಲಿ "ಹಣ ಸಂದಿದೆ, ಸಾಮಾನು ಒಯ್ದಿದ್ದಾರೆ" ಎಂದು ಒತ್ತಿದಳು. ಹರಾಜಿನವರು ಅವಳ ಖಾತೆಯಿಂದ ತಮ್ಮ ಪಾಲು ಮುರಿದುಕೊಳ್ಳಲು ಕ್ಷಣವೂ ತಡ ಮಾಡಲಿಲ್ಲ. ಟೈಪಕ್ಕ ಯಂತ್ರಕ್ಕೆ ಕಂಬಳಿ ಸುತ್ತಿ, ವ್ಯಾನಿನಲ್ಲಿ ಕೂತ ಮಾಸ್ತರ ತೊಡೆಯ ಮೇಲೇ ಇಟ್ಟಳು. ರಿಬ್ಬನ್ ಒಣಗಿದರೆ ಬನ್ನಿ, ಸ್ಪ್ರಿಂಗ್ ಬಿಗಿಯಾದರೆ ಎಣ್ಣೆ ಹೆಚ್ಚು ಹಾಕಬೇಡಿ ಎಂದು ಮಗಳನ್ನು ಗಂಡನ ಮನೆಗೆ ಕಳಿಸುವವಳಂತೆ ಹತ್ತು ಮಾತು ಹೇಳಿದಳು. ವ್ಯಾನು ಹೊರಟಿತು. ಒಳಗೆ ಯಾರೋ ಅದೇ ಎರಡು ಸಾಲನ್ನು ಮತ್ತೆ ಊದುತ್ತಿದ್ದರು.

ಟೈಲರು ಬಂದು, ಏನಮ್ಮ ನಿನ್ನ ಮನೇಲಿ ಮದುವೇನಾ ಎಂದು ಕೇಳಿದ.

"ವ್ಯಾಪಾರ," ಎಂದಳು ಟೈಪಕ್ಕ. ನಗು ಅವಳ ಮುಖದಿಂದ ಇಳಿಯಲೇ ಇಲ್ಲ. ನಾದಿನಿಯ ಕಡೆ ತಿರುಗಿ, "ಆ ಮಾರೋರ ಗುಂಪಿಗೆ ಹಾಕು. ಹನ್ನೊಂದನೇ ಪುಟ, ಕೊನೇ ಸಾಲುಗಳನ್ನ ಓದ್ಕೊಳ್ಳಿ ಅಂತ," ಎಂದಳು.